ಸಹಾಯ ಬೇಕು: ಶ್ರೀರಂಗಪಟ್ಟಣವೋ, ಕುಕ್ಕರಹಳ್ಳಿ ಕೆರೆ ಕಡೆಯೋ? ಬಾಡಿಗೆ ಮನೆ ಎಲ್ಲಿ ನೋಡಲಿ?

ಎಲ್ಲರಿಗೂ ನಮಸ್ಕಾರ. ಅಪ್ಪ ರಿಟೈರ್ ಆಗಿದ್ದಾರೆ. ಇನ್ನು ನೀರಿನ ಹತ್ತಿರ ಇರಬೇಕು, ದಿನಾ ನಡೆಯಬೇಕು, ಹಕ್ಕಿ ನೋಡಬೇಕು ಅನ್ನುವುದು ಅವರ ಬಹಳ ದಿನದ ಆಸೆ. ಅದಕ್ಕೇ ಎರಡು ಬೆಡ್‌ರೂಮಿನ ಬಾಡಿಗೆ ಮನೆ ಹುಡುಕುತ್ತಿದ್ದೇವೆ. ಅಮ್ಮನಿಗೆ ಮಂಡಿ ನೋವು, ಹಾಗಾಗಿ ಕೆಳಗಿನ ಮನೆಯೇ ಬೇಕು.

ಅಪ್ಪನ ಮನಸ್ಸೆಲ್ಲ ಶ್ರೀರಂಗಪಟ್ಟಣದ ಮೇಲೆ. ಸುತ್ತ ಕಾವೇರಿ, ಪಕ್ಕದಲ್ಲೇ ರಂಗನತಿಟ್ಟು. 1940ರಿಂದ ಪಕ್ಷಿಧಾಮವಾಗಿರುವ ಜಾಗ ಅದು, 2022ರಲ್ಲಿ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೂ ಸೇರಿತು. ಕೊಕ್ಕರೆಗಳು ಗೂಡು ಕಟ್ಟುವ ಕಾಲದಲ್ಲಿ ಅಪ್ಪನನ್ನು ಅಲ್ಲಿಂದ ಎಬ್ಬಿಸುವುದೇ ಕಷ್ಟ! ನನ್ನ ಚಿಂತೆ ಮಳೆಗಾಲದ್ದು. ಕೆಆರ್‌ಎಸ್‌ನಿಂದ ಜಾಸ್ತಿ ನೀರು ಬಿಟ್ಟಾಗ ರಂಗನತಿಟ್ಟಿನಲ್ಲಿ ದೋಣಿ ನಿಲ್ಲಿಸುತ್ತಾರೆ, ನದಿ ಪಕ್ಕದ ತಗ್ಗಿಗೆ ನೀರು ನುಗ್ಗುತ್ತದೆ. ಗಂಜಾಂ ಕಡೆ ನೀರು ಬಾರದ ಬೀದಿಗಳು ಯಾವುವು? ಅಲ್ಲೇ ಇರುವವರು ದಯವಿಟ್ಟು ಹೇಳಿ. ಮನೆ ತೋರಿಸುವವರು ಇದನ್ನು ಹೇಳುವುದಿಲ್ಲ, ಅಲ್ವಾ?

ನನಗಂತೂ ಮೈಸೂರೇ ಸರಿ ಅನ್ನಿಸುತ್ತದೆ. ಸರಸ್ವತಿಪುರಂನಲ್ಲಿ ಮನೆ ಸಿಕ್ಕರೆ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಬೆಳಿಗ್ಗೆ ನಡೆಯಬಹುದು, ಆಸ್ಪತ್ರೆಯೂ ಹತ್ತಿರ. ಆದರೆ ಬಾಡಿಗೆ, ಅಡ್ವಾನ್ಸ್ ಈಗ ಎಷ್ಟಿದೆ? ಲಿಂಗಾಂಬುಧಿ ಕೆರೆ ಕಡೆ ಕಡಿಮೆಗೆ ಸಿಗುತ್ತದಾ? ಸಂಜೆ ಸೊಳ್ಳೆ ಕಾಟ ಹೇಗೆ?

ಇನ್ನೊಂದು ವಿಷಯ. ರಜಕ್ಕೆ ಮಕ್ಕಳು ಬರುತ್ತಾರೆ. ಬಲಮುರಿಯಲ್ಲಿ ನೀರಿಗಿಳಿಸಲು ನನಗೆ ಧೈರ್ಯವಿಲ್ಲ. ವರುಣಾ ಕೆರೆಯಲ್ಲಿ ಲೈಫ್ ಜಾಕೆಟ್ ಕೊಟ್ಟು ದೋಣಿ ಹತ್ತಿಸುವ ವ್ಯವಸ್ಥೆ ಈಗ ಇದೆಯಾ? ಗೊತ್ತಿದ್ದವರು ಇಲ್ಲೇ ಬರೆಯಿರಿ. ಖಾಲಿ ಮನೆ ಕಣ್ಣಿಗೆ ಬಿದ್ದರೆ ಮೆಸೇಜ್ ಮಾಡಿ, ಬಂದು ನೋಡುತ್ತೇವೆ.