‘ನೆತ್ತಿಗೆ ಹತ್ತುವುದು’: ಇದಕ್ಕೆ ನಿಮ್ಮ ಕಡೆ ಬೇರೆ ಮಾತು ಇದೆಯೇ?

ಎಲ್ಲರಿಗೂ ನಮಸ್ಕಾರ. ನನಗೆ ಒಂದು ಪದ ಬೇಕಾಗಿದೆ. ಸುಮ್ನೆ ಪದ ಮಾತ್ರ ಕೇಳಿದರೆ ಕಷ್ಟ ಏನೆಂದು ತಿಳಿಯುವುದಿಲ್ಲ, ಅದಕ್ಕೇ ನಡೆದದ್ದನ್ನೂ ಬರೆಯುತ್ತಿದ್ದೇನೆ.

ಮಳೆಗಾಲದ ಶುರುವಿನಲ್ಲಿ ಅಪ್ಪಯ್ಯನಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಸ್ವಾಧೀನ ತಪ್ಪಿದವು. ನುಂಗುವುದೂ ಕಷ್ಟವಾಯಿತು. ಆಸ್ಪತ್ರೆಯಲ್ಲಿ ಕೆಲವು ದಿನ ಮೂಗಿನ ಪೈಪಿನಲ್ಲೇ ಊಟ. ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಗೆ ಕರೆತರುವಾಗ ಒಂದು ಚೀಟಿ ಕೊಟ್ಟರು. ಅದರಲ್ಲಿ ಎರಡೇ ಸಾಲು: "ನೆತ್ತಿಗೆ ಹತ್ತದಂತೆ ನೋಡಿಕೊಳ್ಳಿ. ನೀರು, ಹಾಲು ಗಟ್ಟಿಯಾಗಿ ಕೊಡಿ."

ನೆತ್ತಿಗೆ ಹತ್ತುವುದು ಅಂದರೆ ನಮಗೆಲ್ಲ ಗೊತ್ತು. ಕೆಮ್ಮು ಒತ್ತರಿಸಿ ಬರುತ್ತದೆ, ಕಣ್ಣಲ್ಲಿ ನೀರು ಬರುತ್ತದೆ. ಪಕ್ಕದವರು ನೆತ್ತಿ ತಟ್ಟಿ "ಯಾರೋ ನೆನೆಸ್ಕೊಂಡ್ರು" ಅಂತಾರೆ. ಒಂದು ಲೋಟ ನೀರು ಕೈಗೆ ಕೊಡುತ್ತಾರೆ. ಅಮ್ಮ ಮಾಡಿದ್ದೂ ಇದನ್ನೇ. ಆದರೆ ಲಕ್ವ ಆದವರಿಗೆ ನೀರೇ ಜಾಸ್ತಿ ಕಷ್ಟ. ಅದು ಬೇಗ ಹರಿಯುತ್ತದೆ. ನಿಧಾನವಾಗಿರುವ ಗಂಟಲು ಉಸಿರಿನ ದಾರಿಯನ್ನು ಮುಚ್ಚಿಕೊಳ್ಳುವಷ್ಟರಲ್ಲಿ ನೀರು ಒಳಗೆ ಇಳಿದಿರುತ್ತದೆ.

ನನ್ನ ತಕರಾರು ಇಲ್ಲೇ ಇರುವುದು. ನಮ್ಮ ಮಾತು ಮೇಲಕ್ಕೆ ಬೆರಳು ತೋರಿಸುತ್ತದೆ, ಅನ್ನ ನೀರು ಹೋಗುವುದು ಕೆಳಗೆ, ಶ್ವಾಸಕೋಶಕ್ಕೆ. ‘ಹತ್ತು’ ಎಂದರೆ ಏರು ಅಂತ ಮಾತ್ರ ಅಲ್ಲ, ತಗಲು ಅಂತಲೂ ಇದೆ, ಬೆಂಕಿ ಹತ್ತಿತು ಅನ್ನುವ ಹಾಗೆ. ಮೂಗಿಗೆ ನೀರು ನುಗ್ಗಿದಾಗ ಉರಿ ನೆತ್ತಿವರೆಗೂ ತಗಲುತ್ತದೆ, ಆ ಅನುಭವದಿಂದಲೇ ಈ ಮಾತು ಹುಟ್ಟಿರಬೇಕು ಅಂತ ನನಗನ್ನಿಸುತ್ತದೆ. ಚೆಂದದ ಮಾತು. ಆದರೆ ರೋಗಿಯನ್ನು ನೋಡಿಕೊಳ್ಳುವವರಿಗೆ ಇದು ಸಾಲುವುದಿಲ್ಲ.

ಇನ್ನೂ ದೊಡ್ಡ ಕೊರತೆ ಒಂದಿದೆ. ಕೆಮ್ಮು ಬಂದರೆ ಮಾತ್ರ ನಾವು ನೆತ್ತಿಗೆ ಹತ್ತಿತು ಅನ್ನುತ್ತೇವೆ. ಲಕ್ವದಲ್ಲಿ ಗಂಟಲಿನ ಅರಿವೇ ಮಂಕಾಗಿದ್ದರೆ ಕೆಮ್ಮೇ ಬರುವುದಿಲ್ಲ. ಒಂದು ಸಂಜೆ ಅಪ್ಪಯ್ಯ ಜಗಲಿಯಲ್ಲಿ ಕೂತು ಎರಡು ಗುಟುಕು ಕಾಫಿ ಕುಡಿದರು. ಕೆಮ್ಮಲಿಲ್ಲ, ಮುಖವೂ ಕಿವುಚಲಿಲ್ಲ. "ಸಿಹಿ ಸಾಕಾ?" ಅಂತ ಕೇಳಿದೆ. "ಸಾಕು" ಅಂದರು. ಆ ದನಿ ನೀರೊಳಗಿಂದ ಬಂದಂತೆ ಗೊರಗೊರ ಅಂತಿತ್ತು. ಹೀಗೆ ದನಿ ಒದ್ದೆಯಾಗುವುದೇ ಗುರುತು ಅಂತ ಆಮೇಲೆ ಸ್ಪೀಚ್ ಥೆರಪಿಸ್ಟ್ ಹೇಳಿದರು. ಹೀಗೆ ಸದ್ದಿಲ್ಲದೆ ಒಳಗೆ ಹೋಗಿದ್ದರಿಂದಲೇ ನ್ಯುಮೋನಿಯಾ ಆಗಬಹುದಂತೆ. ಇದನ್ನು ‘ನೆತ್ತಿಗೆ ಹತ್ತಿತು’ ಅನ್ನುವುದು ಹೇಗೆ?

(ಊಟದ ವಿಷಯಕ್ಕೆ ಮಾತಿನ ಥೆರಪಿಸ್ಟ್ ಯಾಕೆ ಅಂತ ನೆಂಟರೆಲ್ಲ ಕೇಳಿದರು. ನಾಲಗೆ, ತುಟಿ, ಗಂಟಲು ಎರಡು ಕೆಲಸಕ್ಕೂ ಅವೇ ಅಲ್ವಾ! ಹೆಸರುಗಳೂ ಹಾಗೇ ಇವೆ: ಡಿಸ್ಫೇಜಿಯಾ ಅಂದರೆ ನುಂಗುವ ತೊಂದರೆ, ಡಿಸ್ಫೇಸಿಯಾ ಅಂದರೆ ಮಾತಿನ ತೊಂದರೆ. ಕನ್ನಡದಲ್ಲಿ ಬರೆದರೆ ಒಂದಕ್ಷರದ ವ್ಯತ್ಯಾಸ. ಚೀಟಿ ಬರೆಯುವವರು ‘ನುಂಗುವ ತೊಂದರೆ’ ಅಂತಲೇ ಬರೆದರೆ ಒಳ್ಳೆಯದು.)

ಚೀಟಿಯ ಎರಡನೇ ಸಾಲಿನ ‘ಗಟ್ಟಿ’ ಕೂಡ ಎಡವಟ್ಟು ಮಾಡಿತು. ಅಮ್ಮ ಅದನ್ನು ಗಟ್ಟಿ ಊಟ ಅಂತ ತಿಳಿದು ಅನ್ನ ಕಲಸಿ ತಂದರು. ಬೇಕಿದ್ದದ್ದು ‘ಮಂದ’. ಮಂದ ಮಜ್ಜಿಗೆ ಅಂತೀವಲ್ಲ, ಆ ಮಂದ. ‘ದೋಸೆ ಹಿಟ್ಟಿನ ಹದ’ ಅಂದರೂ ನಮ್ಮಲ್ಲಿ ಪ್ರಶ್ನೆ ಏಳುತ್ತದೆ. ಉದ್ದಿನ ದೋಸೆಯದೋ, ನೀರುದೋಸೆಯದೋ? ಎರಡಕ್ಕೂ ಅಜಗಜಾಂತರ. ನುಂಗುವ ತೊಂದರೆ ಇರುವವರ ಊಟ, ಪಾನೀಯದ ಹದ ಹೇಳುವುದಕ್ಕೆ ಐಡಿಡಿಎಸ್ಐ (IDDSI) ಅಂತ ಒಂದು ಅಂತರರಾಷ್ಟ್ರೀಯ ಅಳತೆ ಇದೆ. ಬರೀ ನೀರಿಗೆ 0, ಮಾಮೂಲಿ ಊಟಕ್ಕೆ 7. 10 ಮಿಲಿ ಸಿರಿಂಜಿನಿಂದ 10 ಸೆಕೆಂಡು ಹರಿಯಬಿಟ್ಟು ಎಷ್ಟು ಉಳಿಯಿತು ಅಂತ ನೋಡಿ ಮಂದವನ್ನು ಅಳೆಯುತ್ತಾರೆ. ನಮ್ಮ ಅಡುಗೆಮನೆಗೆ ‘ಹದ’ ಅನ್ನುವ ಪದವೇ ಸಾಕು, ಯಾವುದರ ಹದ ಅಂತ ಸರಿಯಾಗಿ ಹೇಳಿದರೆ.

ಇನ್ನು ಗಂಜಿ. ಕಾಯಿಲೆ ಬಿದ್ದವರಿಗೆ ಮಲೆನಾಡಿನಲ್ಲಿ ಮೊದಲು ಕೊಡುವುದೇ ಕುಚ್ಚಲಕ್ಕಿ ಗಂಜಿ. ಆದರೆ ಅದರಲ್ಲಿ ತಿಳಿಯೂ ಇದೆ, ಅಗುಳೂ ಇದೆ. ಅಗುಳನ್ನು ಅಗಿಯುತ್ತಿರುವಾಗಲೇ ತಿಳಿ ಮೊದಲೇ ಜಾರಿ ಇಳಿಯುತ್ತದೆ. ಈಗ ಗಂಜಿಯನ್ನು ನುಣ್ಣಗೆ ರುಬ್ಬಿ, ನಮಗೆ ಹೇಳಿದ ಹದಕ್ಕೆ ತಂದು, ಚಿಕ್ಕ ಚಮಚದಲ್ಲಿ ಕೊಡುತ್ತೇವೆ. ಅಪ್ಪಯ್ಯನನ್ನು ನೆಟ್ಟಗೆ ಕೂರಿಸಿ, ಒಂದು ಗುಟುಕು ಇಳಿದ ಮೇಲೇ ಇನ್ನೊಂದು. ಊಟವಾದ ಮೇಲೂ ಅರ್ಧ ಗಂಟೆ ಮಲಗಿಸುವುದಿಲ್ಲ. ಬಾಯಿ ತೊಳೆಸುವುದನ್ನಂತೂ ಮರೆಯುವ ಹಾಗೇ ಇಲ್ಲ.

ಸದ್ಯಕ್ಕೆ ನಾನು ಬಳಸುತ್ತಿರುವುದು ‘ಉಸಿರಿನ ದಾರಿಗೆ ಇಳಿಯುವುದು’. ಅರ್ಥ ಸರಿ ಇದೆ, ಆದರೆ ಉದ್ದವಾಯಿತು. ‘ದಾರಿ ತಪ್ಪಿತು’ ಅನ್ನೋಣವೆಂದರೆ ಬೇರೆಯೇ ಅರ್ಥ ಬರುತ್ತದೆ. ಸಾಗರ, ಹೊಸನಗರ, ಶೃಂಗೇರಿ, ಕೊಪ್ಪದ ಕಡೆಯವರು ಹೇಳಿ: ನಿಮ್ಮ ಮನೆಯ ಹಿರಿಯರು ಇದಕ್ಕೆ ಏನನ್ನುತ್ತಿದ್ದರು? ಹವ್ಯಕ ಕನ್ನಡದಲ್ಲಿ, ಗೌಡರ ಮನೆಮಾತಿನಲ್ಲಿ ಬೇರೆ ಪದ ಇದೆಯೇ? ಹಸುಗೂಸಿಗೆ ಹಾಲು ಹೀಗೆ ಹೋದಾಗ ಹೇಳುವ ಮಾತಾದರೂ ಆದೀತು.

ಭಾನುವಾರದಿಂದ ತಂಗಿ ಬಂದು ಅಪ್ಪಯ್ಯನನ್ನು ನೋಡಿಕೊಳ್ಳುತ್ತಾಳೆ. ಅವಳಿಗಾಗಿ ಅಡುಗೆಮನೆ ಗೋಡೆಗೆ ಹೊಸ ಚೀಟಿ ಬರೆದು ಅಂಟಿಸಬೇಕು. ಅಷ್ಟರೊಳಗೆ ಪದ ಸಿಕ್ಕರೆ ಅದನ್ನೇ ಬರೆಯುತ್ತೇನೆ.