ಸ್ಪೀಕರ್, ಸಭಾಧ್ಯಕ್ಷ, ಸಭಾಪತಿ: ಎಲ್ಲರನ್ನೂ ಒಳಗೊಳ್ಳುವ ಪದ ಯಾವುದು?

ಮಾನ್ಯರೇ,

ಸಂಸತ್ತಿನ ಕಲಾಪವನ್ನು ಕುರಿತು ಪ್ರೌಢಶಾಲೆಯ ಮಕ್ಕಳಿಗಾಗಿ ಲೇಖನವೊಂದನ್ನು ಬರೆಯುತ್ತಾ, ಎರಡೂ ಸದನಗಳ ಕಲಾಪ ನಡೆಸುವವರನ್ನು ಒಟ್ಟಿಗೆ ಸೂಚಿಸುವ ಒಂದು ಪದದ ಬಳಿ ತಡೆದು ನಿಂತಿದ್ದೇನೆ. ಲೋಕಸಭೆಯ ಕಲಾಪ ನಡೆಸುವವರು ಸ್ಪೀಕರ್ ಅಥವಾ ಸಭಾಧ್ಯಕ್ಷರು. ರಾಜ್ಯಸಭೆಯಲ್ಲಿ ಆ ಪೀಠವು ಪದನಿಮಿತ್ತವಾಗಿ ಉಪರಾಷ್ಟ್ರಪತಿಯವರದು, ಅಲ್ಲಿ ಅವರು ಸಭಾಪತಿ. ನಮ್ಮ ವಿಧಾನಸಭೆ, ವಿಧಾನ ಪರಿಷತ್ತುಗಳಲ್ಲಿಯೂ ಇದೇ ವ್ಯತ್ಯಾಸ ನೆಲೆನಿಂತಿರುವುದರಿಂದ ‘ಮಾನ್ಯ ಸಭಾಧ್ಯಕ್ಷರೇ’ ಅಥವಾ ‘ಮಾನ್ಯ ಸಭಾಪತಿಗಳೇ’ ಎಂಬ ಸಂಬೋಧನೆ ಕಿವಿಗೆ ಬಿದ್ದೊಡನೆ ಅದು ಯಾವ ಸದನವೆಂದು ತಿಳಿಯುತ್ತದೆ. ಈ ಅನುಕೂಲವನ್ನು ನಾವು ಕಳೆದುಕೊಳ್ಳಬಾರದು.

‘ಸ್ಪೀಕರ್’ ಎಂದರೆ ಮಾತನಾಡುವವರು. ಎಲ್ಲರಿಗೂ ಮಾತಿನ ಸರದಿ ಹಂಚಿ, ತಾವು ಚರ್ಚೆಗಿಳಿಯದೆ ಇರಬೇಕಾದವರಿಗೆ ಈ ಹೆಸರೇಕೆ ಎಂದು ಮಕ್ಕಳು ಕೇಳದೆ ಇರುವುದಿಲ್ಲ. ಇಂಗ್ಲೆಂಡಿನ ಕಾಮನ್ಸ್ ಸಭೆಯ ಅಭಿಪ್ರಾಯವನ್ನು ದೊರೆಯ ಮುಂದೆ ನುಡಿಯುವವರು ಎಂಬುದು ಅದರ ಮೂಲಾರ್ಥ. 1377ರಲ್ಲಿ ಥಾಮಸ್ ಹಂಗರ್‌ಫರ್ಡ್ ಈ ಹೆಸರಿನಿಂದ ದಾಖಲಾದ ಮೊದಲಿಗರು. 1642ರಲ್ಲಿ ಒಂದನೆಯ ಚಾರ್ಲ್ಸ್ ದೊರೆ ಐವರು ಸದಸ್ಯರನ್ನು ಬಂಧಿಸಲು ಸದನದೊಳಗೇ ಬಂದು ಅವರೆಲ್ಲಿ ಎಂದು ಕೇಳಿದಾಗ, ಸ್ಪೀಕರ್ ವಿಲಿಯಂ ಲೆಂಥಾಲ್ ಮೊಣಕಾಲೂರಿ, ಈ ಸದನ ಅಪ್ಪಣೆ ಕೊಡದ ಹೊರತು ಇಲ್ಲಿ ನೋಡಲು ತಮಗೆ ಕಣ್ಣೂ ಇಲ್ಲ, ನುಡಿಯಲು ನಾಲಿಗೆಯೂ ಇಲ್ಲ ಎಂದರು. ಆ ನಾಲಿಗೆ ‘ಸ್ಪೀಕರ್’ ಪದದಲ್ಲಿದೆ. ಆ ಕಣ್ಣು ನಮ್ಮ ‘ಅಧ್ಯಕ್ಷ’ದಲ್ಲಿದೆ. ಅಧಿ, ಅಕ್ಷ ಎರಡೂ ಸೇರಿ ಆದ ಈ ಪದಕ್ಕೆ ಮೇಲಿದ್ದು ಕಣ್ಣಿಟ್ಟು ನೋಡಿಕೊಳ್ಳುವವನು ಎಂಬ ಅರ್ಥವಿದ್ದು, ಕೌಟಿಲ್ಯನ ಅರ್ಥಶಾಸ್ತ್ರದ ಅಧ್ಯಕ್ಷರೆಲ್ಲರೂ ಅಂಥ ಮೇಲ್ವಿಚಾರಕರೇ. ಸಂವಿಧಾನದ 100ನೆಯ ವಿಧಿಯ ಪ್ರಕಾರ ಮೊದಲು ಮತ ಹಾಕದೆ, ಮತಗಳು ಸಮವಾದಾಗ ಮಾತ್ರ ನಿರ್ಣಾಯಕ ಮತ ಚಲಾಯಿಸುವವರಿಗೆ ನಾಲಿಗೆಯ ಪದಕ್ಕಿಂತ ಕಣ್ಣಿನ ಪದವೇ ಹೆಚ್ಚು ಒಪ್ಪುತ್ತದೆ ಎಂದು ನನಗೆ ತೋರುತ್ತದೆ.

ತೊಡಕಿರುವುದು ಇಬ್ಬರನ್ನೂ ಒಟ್ಟಿಗೆ ಹೇಳಬೇಕಾದಾಗ. 1921ರಲ್ಲಿ ಶಿಮ್ಲಾದಲ್ಲಿ ಆರಂಭವಾದ, ಶಾಸನಸಭೆಗಳ ಮುಖ್ಯಸ್ಥರ ಅಖಿಲ ಭಾರತ ಸಮ್ಮೇಳನದ ಸುದ್ದಿಯಲ್ಲಿ ‘ಪೀಠಾಸೀನಾಧಿಕಾರಿ’ ಎಂಬ ಪದ ಕಾಣುತ್ತದೆ. ‘ಅಧಿಕಾರಿ’ ಎಂದೊಡನೆ ನಮ್ಮ ಓದುಗರ ಮನಸ್ಸಿಗೆ ಬರುವವರು ಸರ್ಕಾರಿ ನೌಕರರು. ಚುನಾವಣೆಯ ದಿನ ಮತಗಟ್ಟೆಯನ್ನು ನಡೆಸುವವರೂ ಅಧ್ಯಕ್ಷಾಧಿಕಾರಿಗಳೇ. ಸದನವು ತನ್ನ ಸದಸ್ಯರ ನಡುವಿನಿಂದಲೇ ಆರಿಸಿಕೊಂಡ ಸ್ಪೀಕರರನ್ನು ಆ ಸಾಲಿನಲ್ಲಿ ನಿಲ್ಲಿಸುವುದು ನನಗೆ ಸರಿಕಾಣುವುದಿಲ್ಲ. ‘ಪೀಠಾಧ್ಯಕ್ಷ’ ಎನ್ನೋಣವೆಂದರೆ ಅದು ಆಗಲೇ ಮಠಾಧೀಶರಿಗೆ ಸಂದಿದೆ. ‘ಸದನಾಧ್ಯಕ್ಷ’ ಎಂಬುದು ಎರಡೂ ಸದನಗಳಿಗೆ ಹೊಂದೀತೇ, ಅಥವಾ ‘ಸಭಾಧ್ಯಕ್ಷ’ದೊಡನೆ ಕಲಸಿಹೋದೀತೇ?

1881ರಲ್ಲಿ ಸ್ಥಾಪನೆಯಾದ ಮೈಸೂರು ಪ್ರಜಾಪ್ರತಿನಿಧಿ ಸಭೆಯಲ್ಲಿ ದಿವಾನರೇ ಅಧ್ಯಕ್ಷತೆ ವಹಿಸುತ್ತಿದ್ದರು. ಅಲ್ಲಿ ಪೀಠದಲ್ಲಿದ್ದವರು ನಿಜಕ್ಕೂ ಅಧಿಕಾರಿಯಾಗಿದ್ದರು. ಆ ಸಭೆಯ ಕನ್ನಡ ನಡವಳಿಗಳನ್ನು ಓದಿದವರಿದ್ದರೆ, ದಿವಾನರ ಈ ಸ್ಥಾನಕ್ಕೆ ಅಂದು ಬಳಸಿದ ಪದವನ್ನು ಅದು ಬಂದಿರುವ ವಾಕ್ಯದ ಸಮೇತ ದಯವಿಟ್ಟು ತಿಳಿಸಬೇಕು.