ಸಹಾಯ ಬೇಕು: ತಲೆಗೆ ಪೆಟ್ಟು, ಮೆದುಳಲ್ಲಿ ಊತ (ಶಿವಮೊಗ್ಗ)

ನಮಸ್ಕಾರ. ನಮ್ಮ ಭಾವ ತೀರ್ಥಹಳ್ಳಿ ಹತ್ರ ಕೊನೆ ತೆಗೆಯುವಾಗ ಅಡಿಕೆ ಮರದಿಂದ ಬಿದ್ದು, ಈಗ ಶಿವಮೊಗ್ಗದಲ್ಲಿ ಐಸಿಯುನಲ್ಲಿದ್ದಾರೆ. ವೆಂಟಿಲೇಟರ್ ಹಾಕಿದ್ದಾರೆ. ಮೆದುಳು ಊದಿದೆ ಅಂತ ಸಿಟಿ ಸ್ಕ್ಯಾನ್‌ನಲ್ಲಿ ಬಂದಿದೆ. ತಲೆ ಕಡೆ ಮಂಚ 30 ಡಿಗ್ರಿ ಎತ್ತರಿಸಿ, ಊತ ಇಳಿಸೋ ಮ್ಯಾನಿಟಾಲ್ ಔಷಧಿ ಕೊಡ್ತಿದ್ದಾರೆ. ಸ್ಟೀರಾಯ್ಡ್ ಯಾಕಿಲ್ಲ ಅಂತ ಊರವರೆಲ್ಲ ಫೋನ್ ಮಾಡಿ ಕೇಳೋದೇ ಆಯ್ತು. ಪೆಟ್ಟಿನ ಊತಕ್ಕೆ ಅದು ಕೊಟ್ಟರೆ ಜೀವಕ್ಕೆ ಅಪಾಯವೇ ಜಾಸ್ತಿ ಅಂದ್ರು ಡಾಕ್ಟ್ರು. ತಲೆಯೊಳಗಿನ ಒತ್ತಡ ಇಳಿಯದಿದ್ರೆ ತಲೆಬುರುಡೆಯ ಒಂದು ಭಾಗ ತೆಗೆದು, ಊತ ಇಳಿದ ಮೇಲೆ ಮತ್ತೆ ಕೂರಿಸ್ತಾರಂತೆ. ಅಕ್ಕ ಸಹಿ ಹಾಕೋಕೆ ಹೆದರಿ ಪೆನ್ನು ಹಿಡ್ಕೊಂಡೇ ಕೂತಿದ್ದಾಳೆ. ನಿಮ್ಮಲ್ಲಿ ಯಾರಿಗಾದ್ರೂ ಈ ಆಪರೇಷನ್ ಆಗಿದ್ರೆ ಆಮೇಲೆ ಮಾತು, ನಡಿಗೆ ಹೇಗಾಯ್ತು ಹೇಳಿ. ಈ ಸ್ಥಿತೀಲಿ ಬೆಂಗಳೂರಿನ ನಿಮ್ಹಾನ್ಸ್‌ಗೆ ಕರ್ಕೊಂಡು ಹೋದವರಿದ್ದೀರಾ? ಬಿಪಿಎಲ್ ಕಾರ್ಡ್ ಇದೆ, ಆಯುಷ್ಮಾನ್‌ಗೆ ಕಾಗದಪತ್ರ ಏನೇನು ಬೇಕು? ನಾಟಿ ಔಷಧಿ ಸಲಹೆ ಮಾತ್ರ ದಯವಿಟ್ಟು ಬೇಡ.